ಬೆಕ್ಕಿನ ಗಾತ್ರದ ಬಾಣಂತಿ

'ಆ ಕಾಲದಲ್ಲಿ' ಎಂದು ಶುರುಮಾಡಬೇಕಾದರೆ ತಲೆಯಲ್ಲಿ ಒಂದಾದರೂ ಬಿಳಿ ಕೂದಲಿರಬೇಕು. ನನಗಿಲ್ಲ. ನನಗಿನ್ನೂ ಇಪ್ಪತ್ಮೂರು. ಆದರೆ ನಾನು ಜಿಗಣಿಯವನು. ನಮ್ಮ ಕಡೆ ಬೆಳಿಗ್ಗೆ ಕಂಡ ಹುಣಸೆಮರ ಸಂಜೆ ಸ್ಕೂಲಿನಿಂದ ಬರುವಷ್ಟರಲ್ಲಿ ಸೈಟಾಗಿರುತ್ತದೆ, ಮುಂದಿನ ಸಂಕ್ರಾಂತಿಗೆ ಅದೇ ಸೈಟು ಮೂರು ಅಂತಸ್ತಿನ ಪಿ.ಜಿ. ಆಗಿ ತಲೆಮೇಲೊಂದು ಕರಿ ಟ್ಯಾಂಕು ಹೊತ್ತು ನಿಂತಿರುತ್ತದೆ. ಹಾಗಾಗಿ ನಮ್ಮೂರಲ್ಲಿ ಒಂಬತ್ತು ವರ್ಷದ ಹಿಂದಿನದೆಲ್ಲ ಆ ಕಾಲವೇ. ಆ ಕಾಲದಲ್ಲಿ ನಮ್ಮ ಮನೆಯ ಹಿಂದೆ ಒಂದು ಬೇಲಿ ಇತ್ತು. ಅದನ್ನು ನೆನೆಸಿಕೊಂಡರೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಯಾರ ಮೇಲೆ ಎಂದು ಕೇಳಬೇಡಿ. ಪಟ್ಟಿ ಉದ್ದವಿದೆ, ಮೊದಲ ಹೆಸರು ನನ್ನದೇ.

ಬೇಲಿ ಎಂದರೆ ತಂತಿಬೇಲಿಯಲ್ಲ. ಅಜ್ಜಿಯ ಕಾಲದ ಹಿಪ್ಪುನೇರಳೆ ತೋಟದ ಅಂಚು. ತೋಟ ಹೋಗಿ ಅದರ ಜಾಗದಲ್ಲಿ ಅಪ್ಪ ಕಟ್ಟಿಸಿದ ಹನ್ನೆರಡು ಬಾಡಿಗೆ ರೂಮುಗಳು ರೈಲುಬೋಗಿಗಳಂತೆ ಸಾಲಾಗಿ ನಿಂತಿದ್ದವು. ಸುತ್ತಲ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಬಂದವರು ಅಲ್ಲಿದ್ದರು. ರೂಮುಗಳ ಬೆನ್ನಿಗೆ ನಲವತ್ತು ಹೆಜ್ಜೆ ಉದ್ದಕ್ಕೆ ಎಕ್ಕ, ಲಾಂಟಾನ, ತುಂಬೆ, ಕತ್ತಾಳೆ, ಜೊತೆಗೆ ಯಾರೂ ಸೊಪ್ಪು ಕೊಯ್ಯದೆ ಮರವಾಗಿಬಿಟ್ಟಿದ್ದ ನಾಲ್ಕು ಹಿಪ್ಪುನೇರಳೆ ಗಿಡ. ಮಳೆ ಬಂದು ನಿಂತ ಬೆಳಿಗ್ಗೆ ಅಲ್ಲಿ ಹೋದರೆ ಮೂಗಿನ ಒಂದು ಹೊಳ್ಳೆಗೆ ತುಂಬೆ ಹೂವಿನ ವಾಸನೆ, ಇನ್ನೊಂದಕ್ಕೆ ಆಚೆ ಬದಿಯ ಗ್ರಾನೈಟ್ ಕೊಯ್ಯುವ ಶೆಡ್ಡಿನ ಒದ್ದೆ ಕಲ್ಲುಪುಡಿ ವಾಸನೆ.

ನಾನು ಬೇಲಿಗೆ ಹೋದದ್ದು ಪ್ರಕೃತಿ ಪ್ರೇಮದಿಂದ ಎಂದು ಯಾರೂ ತಪ್ಪು ತಿಳಿಯಬಾರದು. ಕ್ರಿಕೆಟ್ಟಿನಲ್ಲಿ ನನಗೆ ಬ್ಯಾಟು ಕೊಟ್ಟರೆ ಮೊದಲ ಬಾಲಿಗೇ ಔಟು, ಬಾಲು ಕೊಟ್ಟರೆ ಅದು ಏಳನೇ ರೂಮಿನ ಕಿಟಕಿಗೆ. ಆದ್ದರಿಂದ ಹುಡುಗರೆಲ್ಲ ಸೇರಿ ನನಗೊಂದು ಖಾಯಂ ಕೆಲಸ ಕೊಟ್ಟಿದ್ದರು: ಬೇಲಿಯೊಳಗೆ ಹೋದ ಬಾಲು ಹುಡುಕುವುದು. ಎಂಟನೇ ಕ್ಲಾಸಿನ ಆ ಮುಂಗಾರಿನಲ್ಲಿ ನಾನು ಆಡಿದ ಕ್ರಿಕೆಟ್ಟೆಲ್ಲ ಮೊಣಕಾಲೂರಿಯೇ.

ನನ್ನ ಪಕ್ಕದ ಬೆಂಚಿನ ಇಮ್ತಿಯಾಜನ ಅಪ್ಪನದು ಮೊಬೈಲ್ ರಿಪೇರಿ ಅಂಗಡಿ. ಒಂದು ದಿನ ಅವನು ಸತ್ತ ಡಿವಿಡಿ ಪ್ಲೇಯರೊಂದರ ಹೊಟ್ಟೆ ಬಗೆದು ತೊಗರಿಬೇಳೆಯಷ್ಟು ಚಿಕ್ಕ ಲೆನ್ಸ್ ತೆಗೆದುಕೊಂಡು ಬಂದ.

"ಮಚ್ಚಾ, ಇದನ್ನ ಫೋನ್ ಕ್ಯಾಮ್ರಾ ಮೇಲೆ ಇಟ್ರೆ ಇರುವೆ ಮೀಸೆ ಎಣಿಸ್ಬೋದು."

"ಇರುವೆಗೆ ಮೀಸೆ ಇದ್ಯೇನೋ?"

"ನಿಂಗಿಂತ ಜಾಸ್ತಿ ಐತೆ ಗುರು."

ಲೆನ್ಸನ್ನು ಅಮ್ಮನ ಹೇರ್‌ಪಿನ್ನಿಗೆ ಸಿಕ್ಕಿಸಿ, ಪಿನ್ನನ್ನು ಫೋನಿಗೆ ಟೇಪು ಸುತ್ತಿ ಅಂಟಿಸಿದೆವು. ಫೋನು ಅಪ್ಪನದು. ಅಪ್ಪ ಸ್ನಾನಕ್ಕೆ ಹೋಗಿ, ಪೂಜೆ ಮುಗಿಸಿ ಈಚೆ ಬರುವವರೆಗೆ ದಿನಾ ಬೆಳಿಗ್ಗೆ ಅರ್ಧ ಗಂಟೆ ಅದು ಅನಾಥ. ಆ ಅರ್ಧ ಗಂಟೆಯೇ ನನ್ನ ಸ್ಟುಡಿಯೋ.

ಮೊದಲ ವಾರ ನಾನು ತೆಗೆದದ್ದರಲ್ಲಿ ಮುಕ್ಕಾಲು ಪಾಲು ನನ್ನದೇ ಹೆಬ್ಬೆರಳು. ಈ ಲೆನ್ಸಿಗೆ ಹುಳ ಒಂದು ಉಗುರಿನಷ್ಟು ದೂರದಲ್ಲೇ ಇರಬೇಕು. ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ಎಲ್ಲ ಮಂಜು. ಕೆಂಜಿಗದ ಫೋಟೋಗೆ ಹೋಗಿ ಕಿವಿ ಕಚ್ಚಿಸಿಕೊಂಡೆ. ಅಪರೂಪದ ಚಿನ್ನದ ಬಣ್ಣದ ಜೀರುಂಡೆ ಸಿಕ್ಕಿತೆಂದು ಮೂರು ದಿನ ಬೆಳಿಗ್ಗೆ ಉಸಿರು ಬಿಗಿಹಿಡಿದು ಕಾದೆ, ಅಲ್ಲಾಡಲಿಲ್ಲ. ಎಂಥಾ ತಾಳ್ಮೆಯ ಪ್ರಾಣಿ ಎಂದು ಅದರ ಮೇಲೆ ಗೌರವವೇ ಬಂದುಬಿಟ್ಟಿತ್ತು. ನಾಲ್ಕನೇ ದಿನ ಅಜ್ಜಿ ಬಂದು ಎರಡು ಬೆರಳಲ್ಲಿ ಎತ್ತಿ, ಊದಿ ಎಸೆದಳು. ಹುರಿದ ಕಡಲೆಬೀಜದ ಸಿಪ್ಪೆ.

"ಇದ್ಕೇನ್ಲಾ ಮೂರ್ ದಿನ್ದಿಂದ ಬಗ್ಗಿ ನಮಸ್ಕಾರ ಮಾಡ್ತಿದ್ದೆ?" ಎಂದಳು.

ಅಜ್ಜಿಗೆ ಆಗ ಎರಡು ಕಣ್ಣಿಗೂ ಪೊರೆ ಬರುತ್ತಿತ್ತು. ಆದರೆ ಹುಳದ ವಿಷಯದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅರ್ಧ ಆಯುಸ್ಸು ರೇಷ್ಮೆಹುಳ ಮೇಯಿಸಿದವಳು. ನಾನು ಕಂಬಳಿಹುಳದ ಮೇಲೆ ಬುಸುಬುಸು ಎನ್ನುತ್ತಿದ್ದುದನ್ನು ನೋಡಿ ತಡೆಯಲಾರದೆ ಒಂದು ದಿನ ಪಾಠ ಶುರುಮಾಡಿದಳು.

"ಅಂಗಲ್ಲ ಕಣ್ಲಾ. ಉಳದ ಮನೇಗೆ ಕೈಕಾಲು ತೊಳ್ಕೊಂಡ್ ಓಗ್ಬೇಕು. ಪೌಡ್ರು ಗಿವ್ಡ್ರು ಬಳ್ಕೊಂಡಿರ್ಬಾರ್ದು. ಉಸ್ರು ಅದ್ರ ಮ್ಯಾಲೆ ಬಿಡ್ಬಾರ್ದು, ಪಕ್ಕಕ್ಕೆ ಬಿಡು. ಮೇವು ಬುಟ್ಟು ಸುಮ್ಕೆ ತಲೆ ಎತ್ಕೊಂಡ್ ಕುಂತೈತೆ ಅಂದ್ರೆ ಜ್ವರಕ್ಕೆ ಓಗೈತೆ ಅಂತ. ಪೊರೆ ಬಿಡ್ತದೆ. ಆಗ ಮುಟ್ಟಿದ್ಯೋ, ಕೈ ಮುರೀತೀನಿ."

ಯಾವ ಕ್ಯಾಮೆರಾ ಕ್ಲಾಸಿನಲ್ಲೂ ಇಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ. ಉಸಿರು ಪಕ್ಕಕ್ಕೆ ಬಿಟ್ಟ ದಿನದಿಂದ ನನ್ನ ಫೋಟೋಗಳು ಮಂಜಿನಿಂದ ಈಚೆ ಬಂದವು.

ಅವಳನ್ನು ನೋಡಿದ್ದು ಜುಲೈ ಮಳೆ ಹಿಡಿದ ಮೇಲೆ. ಎರಡನೇ ಎಕ್ಕದ ಗಿಡದಲ್ಲಿ ಒಂದು ಎಲೆಯ ಅಂಚು ಮಡಚಿಕೊಂಡಿತ್ತು. ಮಡಿಕೆಯೊಳಗೆ ಬಿಳೀ ರೇಷ್ಮೆಯ ಪುಟ್ಟ ಚೀಲ. ಚೀಲದ ಬಾಯಲ್ಲಿ ಒಂದು ನೆಗೆಯುವ ಜೇಡ. ಅಕ್ಕಿಕಾಳಷ್ಟು, ನಿಜವಾಗಿ ಅಷ್ಟೇ. ಲೆನ್ಸಿಟ್ಟರೆ ಮಾತ್ರ ಎದುರಿಗೆ ಕಾರಿನ ಹೆಡ್‌ಲೈಟಿನಂಥ ಎರಡು ಕಣ್ಣು, ಅದರ ಅಕ್ಕಪಕ್ಕ ಚಿಕ್ಕವು, ತಲೆಯ ಮೇಲೆ ಇನ್ನೂ ನಾಲ್ಕು. ಎಂಟು ಕಣ್ಣಲ್ಲಿ ನನ್ನನ್ನು ನೋಡಿದಳು. ನಾನು ಬಲಕ್ಕೆ ಹೋದರೆ ಬಲಕ್ಕೆ ತಿರುಗುವಳು, ಎಡಕ್ಕೆ ಬಂದರೆ ಎಡಕ್ಕೆ. ನಮ್ಮ ಸ್ಕೂಲಿನಲ್ಲಿ ಯಾರೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಅಜ್ಜಿಯನ್ನು ಎಳೆದುಕೊಂಡು ಬಂದೆ. ಅವಳಿಗೆ ಜೇಡ ಕಾಣಲಿಲ್ಲ. ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ತುಂಬ ಹೊತ್ತು ನೋಡಿದಳು.

"ಒಳಗೆ ಮೊಟ್ಟೆ ಐತೆ. ಕಾಯ್ಕೊಂಡ್ ಕುಂತವ್ಳೆ. ಬಾಣಂತಿ ಕಣ್ಲಾ ಇವ್ಳು. ಮರಿ ಈಚೆ ಬರೋಗಂಟ ಎಬ್ಬಿಸ್ಬ್ಯಾಡ."

ಆವತ್ತಿನಿಂದ ಅವಳ ಹೆಸರು ಬಾಣಂತಿ. ದಿನಾ ಬೆಳಿಗ್ಗೆ ಕೈಕಾಲು ತೊಳೆದು, ಅಜ್ಜಿ ಸುಟ್ಟ ರಾಗಿರೊಟ್ಟಿಯನ್ನು ಹುಚ್ಚೆಳ್ಳು ಚಟ್ನಿಯೊಂದಿಗೆ ಬಾಯಿಗೆ ತುರುಕಿಕೊಂಡು ಬೇಲಿಗೆ ಓಡುತ್ತಿದ್ದೆ. ಮರಿಗಳು ಈಚೆ ಬರುವ ಕ್ಷಣದ ಫೋಟೋ ತೆಗೆಯಬೇಕು, ನನಗೆ ಬೇಕಾಗಿದ್ದುದು ಅದೊಂದೇ. ಆ ಮುಂಗಾರಿನಲ್ಲಿ ಬೇರೇನೂ ಬೇಕಿರಲಿಲ್ಲ. ಪ್ರತಿ ಸಂಜೆ ಅಜ್ಜಿ ಕೇಳುವಳು, "ಬಾಣಂತಿ ಎಂಗವ್ಳೆ?" ನಾನು ಹೇಳುತ್ತಿದ್ದೆ, "ಊಟ ಮಾಡ್ತಿಲ್ಲ ಅಜ್ಜಿ." ಅಜ್ಜಿ ಗೊಣಗುವಳು, "ಬಾಣಂತೀರ್ದೆಲ್ಲಾ ಅಷ್ಟೇಯಾ."

ಎರಡು ವಾರ ಕಳೆದ ಮೇಲೆ ಒಂದು ಶನಿವಾರ ಆ ಫೋಟೋ ಸಿಕ್ಕಿತು. ಮಳೆ ನಿಂತು ಎಳೆ ಬಿಸಿಲು ಬಿದ್ದಿತ್ತು. ಬಾಣಂತಿ ಚೀಲದ ಬಾಯಿಗೆ ಬಂದು ಮುಂಗಾಲೆರಡನ್ನೂ ಎತ್ತಿ ನೇರ ನನ್ನತ್ತ ನೋಡಿದಳು. ಕ್ಲಿಕ್. ಕಣ್ಣಿನ ಸುತ್ತಲ ಕೂದಲು ಒಂದೊಂದೂ ಎಣಿಸುವಂತಿತ್ತು. ಬಲಗಡೆಯ ದೊಡ್ಡ ಕಣ್ಣಿನ ನಡುವೆ ಒಂದು ಬಿಳಿ ಚುಕ್ಕೆ. ದೊಡ್ಡದು ಮಾಡಿ ನೋಡಿದರೆ ಅದು ಯೂನಿಫಾರಂ ಅಂಗಿ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ ನಾನು.

ಇಂಥ ಫೋಟೋ ತೆಗೆದವನು ತೆಪ್ಪಗೆ ಸ್ಕೂಲಿಗೆ ಹೋಗಬೇಕಿತ್ತು. ಆದರೆ ನನಗೆ ಮೆಚ್ಚುಗೆ ಬೇಕಿತ್ತು, ಅದೂ ಅವತ್ತೇ, ಅದೂ ದೊಡ್ಡ ಪ್ರಮಾಣದಲ್ಲಿ. ನನ್ನ ಕೈಗೆ ಸಿಗುವ ಅತಿ ದೊಡ್ಡ ಪ್ರೇಕ್ಷಕ ವರ್ಗ ಯಾವುದು? ಅಪ್ಪನ ಫೋನಿನ ವಾಟ್ಸಾಪಿನಲ್ಲಿದ್ದ ಬಾಡಿಗೆದಾರರ ಗ್ರೂಪು. ಅದರಲ್ಲಿ ಅಪ್ಪ ಅವತ್ತಿನವರೆಗೆ ಹಾಕಿದ್ದೆಲ್ಲ ಒಂದೇ ಥರದ್ದು: 'ಮೋಟರ್ ಆರು ಗಂಟೆಗೆ ಆನ್.' 'ಚರಂಡಿಗೆ ಅನ್ನ ಹಾಕಬೇಡಿ.' ಅದರ ಕೆಳಗೆ ನಾನು ಬಾಣಂತಿಯ ಮುಖ ಹಾಕಿ ಬರೆದೆ: 'ನಮ್ಮ ಬೇಲಿಯಲ್ಲಿ ಸಿಕ್ಕಿದ್ದು. ಹೆಂಗಿದೆ?'

ಎರಡೇ ನಿಮಿಷಕ್ಕೆ ಐದನೇ ರೂಮಿನ ಸೆಲ್ವಿ ಅಕ್ಕನ ಪ್ರಶ್ನೆ ಬಂತು: 'ಎಷ್ಟು ದೊಡ್ಡದು ಓನರಣ್ಣ?'

ಇಲ್ಲಿ 'ಅಕ್ಕಿಕಾಳಷ್ಟು' ಎಂದು ಬರೆದಿದ್ದರೆ ಈ ಬರಹವೇ ಬೇಕಿರಲಿಲ್ಲ. ಆದರೆ ನಾನೊಬ್ಬ ಕೋಡಂಗಿ. ಒಂದನ್ನು ಹತ್ತು ಮಾಡಿ ಹೇಳದಿದ್ದರೆ ಊಟ ಜೀರ್ಣವಾಗದ ಜಾತಿ. ಬರೆದೆ: 'ಬೆಕ್ಕಿನ ಮರಿಯಷ್ಟು ಇದೆ, ಹುಷಾರು.' ನಗುವ ಮುಖವೊಂದನ್ನು ಪಕ್ಕದಲ್ಲಿ ಅಂಟಿಸುವುದಕ್ಕೂ ಮುಂಚೆ ಪೂಜೆಯ ಗಂಟೆ ನಿಂತಿತು. ಫೋನು ಇಟ್ಟು ಓಡಿದೆ.

ಮಧ್ಯಾಹ್ನ ಬಂದರೆ ರೂಮುಗಳ ಮುಂದೆ ಸಂತೆ. ಒಬ್ಬರ ಕೈಲಿ ಪೊರಕೆ, ಇನ್ನೊಬ್ಬರ ಕೈಲಿ ಕಬ್ಬಿಣದ ಸಲಾಕೆ. ಮೂರನೇ ರೂಮಿನವನು ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ. ಅವನ ಹತ್ತಿರ ಗಾಡಿಯೇ ಇರಲಿಲ್ಲ. ಬಾಗಿಲ ಸಂದುಗಳಿಗೆಲ್ಲ ಹಳೇ ಸೀರೆ ತುರುಕಿದ್ದರು. ನಡುವೆ ಅಪ್ಪ.

"ಬಾರೋ ಇಲ್ಲಿ. ಬೆಕ್ಕಿನ ಮರಿ ಅಷ್ಟು ಐತೆ ಅಂತ ನಾನ್ ಯಾವಾಗ್ ಹೇಳ್ದೆನೋ?"

"ತಮಾಷೆಗೆ ಹಾಕ್ದೆ ಅಪ್ಪ..."

"ನನ್ ನಂಬರಿಂದ ತಮಾಷೆನಾ? ನಾನ್ ಯಾವತ್ತಾದ್ರೂ ತಮಾಷೆ ಮಾಡಿದ್ದೀನೇನೋ?"

ನಿಜ. ಅದೇ ತೊಂದರೆ. ಅಪ್ಪ ಮೋಟರ್ ಆರಕ್ಕೆ ಎಂದರೆ ಆರಕ್ಕೇ. ಅಪ್ಪನ ನಂಬರು ಬೆಕ್ಕು ಎಂದರೆ ಬೆಕ್ಕೇ.

ಸೆಲ್ವಿ ಅಕ್ಕ ಮೂರು ತಿಂಗಳ ಕೂಸನ್ನು ಎದೆಗವಚಿಕೊಂಡು ಅಳುತ್ತಿದ್ದಳು. ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವಳು, ನಾನೆಂದರೆ ಪ್ರೀತಿ, ಹಬ್ಬಕ್ಕೆ ಮುರುಕು ಕೊಡುತ್ತಿದ್ದಳು. "ಓನರಣ್ಣಾ, ನಾನು ಪಾಪೂನ ನೆಲದ್ ಮೇಲೆ ಮಲಗ್ಸೋದು. ಕಿಟಕಿಗೆ ಬಾಗ್ಲಿಲ್ಲ. ಬೆಕ್ಕಷ್ಟು ಜೇಡ ಬಂದ್ರೆ ಏನ್ ಮಾಡ್ಲಿ? ನಾವು ಅತ್ತಿಬೆಲೆಗೆ ತಂಗಿ ಮನೆಗೆ ಹೋಗ್ತೀವಿ, ರೂಮ್ ಬೇಡ." ಇನ್ನೂ ಎರಡು ರೂಮಿನವರು ಅದನ್ನೇ ಹೇಳಿದರು.

ನಾನು ತಪ್ಪು ಸರಿಮಾಡಲು ಹೊರಟೆ. ನಾನು ಸರಿಮಾಡಲು ಹೊರಟದ್ದು ಯಾವುದೂ ಇವತ್ತಿಗೂ ಸರಿಯಾಗಿಲ್ಲ. ಎಲ್ಲರನ್ನೂ ಬೇಲಿಗೆ ಕರೆದುಕೊಂಡು ಹೋಗಿ, ಒಬ್ಬೊಬ್ಬರನ್ನೇ ಬಗ್ಗಿಸಿ ಎಲೆಯ ಮಡಿಕೆ ತೋರಿಸಿದೆ. "ನೋಡಿ, ಇಷ್ಟೇ! ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತೆ ಅಷ್ಟೇ!" ಹೆಲ್ಮೆಟ್ಟಿನವನು ಗಾಜು ಎತ್ತಿ ನೋಡಿದ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದ. ಸೆಲ್ವಿ ಅಕ್ಕ ನೋಡಿ, ಫೋನಿನ ಫೋಟೋ ನೋಡಿ, ಮತ್ತೆ ಎಲೆ ನೋಡಿ, ಮಗುವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ಕೇಳಿದಳು:

"ಇದು ಮರಿ. ಅಮ್ಮ ಎಲ್ಲಿ?"

ಜನ ಚದುರಿದ ಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ನಂಗೊತ್ತಾಯ್ತು ಕಣೋ ಅದು ಅಷ್ಟೇ ಇರೋದು ಅಂತ. ನಂಗೊತ್ತಾದ್ರೆ ಸಾಕಾ? ಏನೋ ಒಂದು ಮಾಡಿದ್ದು ಅವ್ರ ಕಣ್ಣಿಗೆ ಕಾಣ್ಬೇಕು. ಬೇಲಿ ತೆಗ್ಸಿಬಿಡೋಣ."

ಈ ಮಾತಿಗೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೆದರಿದವರ ಮೇಲಲ್ಲ ನನ್ನ ಸಿಟ್ಟು. ಮಗು ನೆಲದ ಮೇಲೆ ಮಲಗಿದೆ, ಹೆದರಲಿ ಬಿಡಿ, ಹೆದರಿಸಿದವನು ನಾನು. ಆದರೆ ಸತ್ಯವನ್ನು ಕನ್ನಡಕ ಹಾಕಿಕೊಂಡು ನೋಡಿಯಾದ ಮೇಲೂ 'ಕಾಣ್ಬೇಕು' ಎನ್ನುವುದಿದೆಯಲ್ಲ! ಅಪ್ಪ ಒಂದು ಮೆಸೇಜು ಹಾಕಿದ್ದರೆ ಸಾಕಿತ್ತು. ಅಪ್ಪನ ನಂಬರನ್ನು ಎಲ್ಲರೂ ನಂಬುತ್ತಿದ್ದರು. 'ಮಗ ಸುಳ್ಳು ಹೇಳಿದ, ಅಕ್ಕಿಕಾಳಷ್ಟು' ಎಂದು ಬರೆಯಲು ಅಪ್ಪನಿಗೆ ನಾಚಿಕೆ. ಬೇಲಿ ಕೀಳಿಸಲು ಯಾವ ನಾಚಿಕೆಯೂ ಇಲ್ಲ.

ಅಜ್ಜಿ ಜಗಲಿಯಿಂದಲೇ ಕೂಗಿದಳು: "ಇನ್ನೊಂದ್ ಎಂಟ್ ದಿನ ತಡ್ಕೊಳ್ಳೋ. ಮರಿ ಈಚೆ ಬತ್ತವೆ, ಆಮ್ಯಾಕೆ ಏನಾರ ಮಾಡ್ಕೋ. ಬಾಣಂತೀನ ಎಬ್ಬಿಸ್ಬಾರ್ದು."

"ಆಯ್ತಮ್ಮ. ಮುಂದಿನ ಭಾನುವಾರದವರ್ಗೂ ಮುಟ್ಟಲ್ಲ," ಎಂದ ಅಪ್ಪ. ಅಜ್ಜಿಯ ಮುಂದೆ ಹೇಳಿದ ಮಾತು. ನಾನು ನಂಬಿದೆ. ಭಾನುವಾರ, ಸೋಮವಾರ, ಮಂಗಳವಾರ ಬೆಳಿಗ್ಗೆ ಹೋಗಿ ನೋಡಿದೆ. ಮಂಗಳವಾರ ಚೀಲದೊಳಗೆ ಸಾಸಿವೆಯಷ್ಟೂ ಇಲ್ಲದ ಚುಕ್ಕೆಗಳು ಮಿಸುಕಾಡುತ್ತಿದ್ದವು. ಇನ್ನು ಎರಡು ದಿನವೋ ಮೂರು ದಿನವೋ.

ಬುಧವಾರ ಸಂಜೆ ಸ್ಕೂಲಿನಿಂದ ಬರುವಾಗ ದೂರದಿಂದಲೇ ಗ್ರಾನೈಟ್ ಶೆಡ್ಡು ಕಾಣಿಸಿತು. ಅದು ಯಾವತ್ತೂ ನಮ್ಮ ಮನೆಯಿಂದ ಕಾಣುತ್ತಿರಲಿಲ್ಲ. ನಡುವೆ ಬೇಲಿ ಇತ್ತು. ಈಗ ನಲವತ್ತು ಹೆಜ್ಜೆ ಕೆಮ್ಮಣ್ಣು, ಅದರ ಮೇಲೆ ಜೆಸಿಬಿಯ ಚಕ್ರದ ಗುರುತು, ಅದರ ಮೇಲೆ ಹೊಡೆದ ಔಷಧಿಯ ವಾಸನೆ. ನಾಲ್ಕೂ ಹಿಪ್ಪುನೇರಳೆಗಳ ಬೇರುಗಳು ಆಕಾಶ ನೋಡುತ್ತಿದ್ದವು.

"ಭಾನುವಾರ ಅಂದಿದ್ಯಲ್ಲಪ್ಪಾ!" ಎಂದು ಕಿರುಚಿದೆ.

ಅಪ್ಪ ಆರಾಮವಾಗಿ ಹೇಳಿದ, "ಜೆಸಿಬಿ ಹೆಂಗೂ ಪಕ್ಕದ ಸೈಟಿಗೆ ಬಂದಿತ್ತು ಕಣೋ. ಅರ್ಧ ಗಂಟೆ ಕೆಲ್ಸ. ಹಂಗೇ ಮಾಡ್ಸಿಬಿಟ್ಟೆ."

ಹೆಂಗೂ ಬಂದಿತ್ತು! ನಮ್ಮೂರಿನಲ್ಲಿ ಹೋದದ್ದೆಲ್ಲ ಹೀಗೇ ಹೋದದ್ದು. ಕೆರೆಯ ಕೋಡಿ, ಗುಂಡುತೋಪು, ಎಲ್ಲ. ಯಾರಿಗೂ ದ್ವೇಷ ಇರಲಿಲ್ಲ. ಜೆಸಿಬಿ ಹೆಂಗೂ ಪಕ್ಕಕ್ಕೆ ಬಂದಿತ್ತು. ನಾನು ಬ್ಯಾಗು ಎಸೆದೆ, ಮೋಟರಿನ ಸ್ವಿಚ್ಚಿಗೆ ಒದ್ದೆ, ಕಾಲು ಗೋಡೆಗೆ ಬಡಿದು ಬೆರಳು ಊದಿಕೊಂಡಿತು. ಸಿಟ್ಟಿನಲ್ಲೂ ನನ್ನ ಗುರಿ ಕ್ರಿಕೆಟ್ಟಿನದೇ.

ಆಗ ಅಜ್ಜಿ ಒಳಗಿನಿಂದ ಕರೆದಳು. ಅವಳ ಕೈಯೆಲ್ಲ ಎಕ್ಕದ ಹಾಲು ಒಣಗಿ ಅಂಟಂಟು. ಮೊಣಕೈ ತರಚಿತ್ತು. ಹಾಸಿಗೆಯ ಪಕ್ಕದಲ್ಲಿ ನೀರು ತುಂಬಿದ ಚೊಂಬು, ಅದರೊಳಗೆ ಒಂದು ಎಕ್ಕದ ಕೊಂಬೆ.

"ಗಾಡಿ ಬರೋದ್ರೊಳ್ಗೆ ಓಗಿ ಮುರ್ಕೊಂಡ್ ಬಂದೆ ಕಣ್ಲಾ," ಎಂದಳು, ಪಿಸುಮಾತಿನಲ್ಲಿ. "ಎಲೆ ಮಡಿಕೆ ನೋಡು, ಬೆಳ್ಳಗೆ ರೇಸ್ಮೆ ಐತೆ. ಬಾಣಂತಿ ಬೆಚ್ಚಗವ್ಳೆ."

ನಾನು ಲೆನ್ಸನ್ನು ಕಣ್ಣಿಗೇ ಹಿಡಿದು ಬಗ್ಗಿದೆ. ಎಲೆ ಮಡಚಿತ್ತು. ಬಿಳಿಯದೂ ಇತ್ತು. ಹಿಟ್ಟುತಿಗಣೆ. ಗಿಡದ ರಸ ಹೀರುವ, ಹತ್ತಿಯ ಪುಡಿ ಮೆತ್ತಿಕೊಂಡಂತಿರುವ ಆರೇಳು ಹಿಟ್ಟುತಿಗಣೆಗಳು. ಪೊರೆ ಬಂದ ಕಣ್ಣಲ್ಲಿ ಅಜ್ಜಿ ಬೇರೆ ಗಿಡದ ಕೊಂಬೆ ಮುರಿದುಕೊಂಡು ಬಂದಿದ್ದಳು.

"ಅವ್ಳಾ?" ಅಂದಳು ಅಜ್ಜಿ.

ಉಸಿರನ್ನು ಪಕ್ಕಕ್ಕೆ ಬಿಟ್ಟೆ. "ಅವ್ಳೇ ಅಜ್ಜಿ," ಎಂದೆ.

ಹತ್ತು ದಿನ ಅಜ್ಜಿ ಆ ಚೊಂಬಿನ ನೀರು ಬದಲಾಯಿಸಿದಳು. ಅಗರಬತ್ತಿ ಹಚ್ಚಲು ಅಮ್ಮನನ್ನು ಬಿಡಲಿಲ್ಲ. ಸೊಳ್ಳೆಬತ್ತಿ ಕಿತ್ತು ಎಸೆದಳು. ಅಪ್ಪನೊಂದಿಗೆ ಮಾತು ಬಿಟ್ಟಿದ್ದಳು, ಕಾಫಿ ಲೋಟವನ್ನೂ ಅವನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ದಿನಾ ಸಂಜೆ ಕೇಳುವಳು, "ಮರಿ ಬಂದ್ವಾ?" ಎಲೆ ಹಳದಿಯಾಗಿ ಉದುರುವ ಹಿಂದಿನ ದಿನ ಹೇಳಿದೆ, "ಬಂದ್ವು ಅಜ್ಜಿ. ಕಿಟಕಿಯಿಂದ ಹೋದ್ವು."

"ಏಸಿದ್ವು?"

"ಇಪ್ಪತ್ತು. ಅಲ್ಲ, ನಲವತ್ತು." ಹತ್ತು ಮಾಡಿ ಹೇಳುವ ಚಟ.

"ಪೋಟ ತೆಗ್ದಾ?"

"ಉಸ್ರು ತಾಗಿ ಮಂಜಾಯ್ತು ಅಜ್ಜಿ."

"ಬಡ್ಡೆತ್ತದೆ, ಏಳಿಕೊಟ್ಟಿದ್ನಲ್ಲ ಪಕ್ಕಕ್ಕೆ ಬಿಡು ಅಂತ," ಎಂದು ಬೈದು, ಖುಷಿಯಾಗಿ ಮಲಗಿದಳು.

ಸೆಲ್ವಿ ಅಕ್ಕ ಅತ್ತಿಬೆಲೆಗೆ ಹೋಗಲಿಲ್ಲ, ಇನ್ನೆರಡು ವರ್ಷ ಐದನೇ ರೂಮಿನಲ್ಲೇ ಇದ್ದಳು. ಬೇಲಿ ಹೋದ ಮೇಲೆ ಅವಳ ಕಿಟಕಿಗೆ ನೇರವಾಗಿ ಕಲ್ಲುಪುಡಿ ಬರತೊಡಗಿತು. ಮಗು ಕೆಮ್ಮುತ್ತದೆಂದು ಹಳೇ ಸೀರೆ ಕಟ್ಟಿದಳು. ಜೇಡಕ್ಕೆಂದು ಬಾಗಿಲ ಸಂದಿಗೆ ತುರುಕಿದ್ದ ಅದೇ ಸೀರೆ.

ಅಜ್ಜಿ ಈಗ ಇಲ್ಲ. ಬೇಲಿಯ ಜಾಗದಲ್ಲಿ ಪಿ.ಜಿ. ಇದೆ. ಅದರ ಮುಂದೆ ಪ್ಲಾಸ್ಟಿಕ್ ಹುಲ್ಲು ಹಾಸಿ ಒಂದು ಸಿಮೆಂಟ್ ಚಿಟ್ಟೆ ಕೂರಿಸಿದ್ದಾರೆ, ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಹತ್ತಿರ ಈಗ ನಿಜವಾದ ಕ್ಯಾಮೆರಾ ಇದೆ, ಹುಳದ ರೆಕ್ಕೆಯ ಧೂಳನ್ನೂ ಹಿಡಿಯುವ ಲೆನ್ಸಿದೆ. ಅದನ್ನು ಹೆಗಲಿಗೆ ಹಾಕಿಕೊಂಡು ಒಂದು ನೆಗೆಯುವ ಜೇಡ ಹುಡುಕಲು ಎರಡು ಬಸ್ಸು ಬದಲಾಯಿಸಬೇಕು. ಮೊದಲಾದರೆ ಹಲ್ಲುಜ್ಜಿಕೊಂಡೇ ಹೋಗಬಹುದಿತ್ತು. ಬಾಣಂತಿಯ ಮೂಲ ಫೋಟೋ ಕೂಡ ಉಳಿಯಲಿಲ್ಲ. ಅಪ್ಪನ ಫೋನಿನಲ್ಲಿ ಜಾಗ ತುಂಬಿತೆಂದು ಆ ವರ್ಷವೇ ಅಳಿಸಿದ. ಗುಡ್ ಮಾರ್ನಿಂಗ್ ಗುಲಾಬಿಗಳನ್ನು ಮಾತ್ರ ಉಳಿಸಿಕೊಂಡ.

ಆದರೆ ಅವಳು ಸತ್ತಿಲ್ಲ. ಸೆಲ್ವಿ ಅಕ್ಕ ತಂಗಿಗೆ ಕಳಿಸಿದ್ದು, ಹೆಲ್ಮೆಟ್ಟಿನವನು ಫ್ಯಾಕ್ಟರಿ ಗ್ರೂಪಿಗೆ ಹಾಕಿದ್ದು, ಎಲ್ಲೆಲ್ಲೋ ಸುತ್ತಾಡಿ ಪ್ರತಿ ಮುಂಗಾರಿಗೂ ವಾಪಸ್ಸು ಬರುತ್ತದೆ. ಮೊನ್ನೆ ನಮ್ಮ ಮನೆಯ ಗ್ರೂಪಿಗೂ ಬಂತು. ಮುಖದ ಸುತ್ತ ಕೆಂಪು ವೃತ್ತ, ಕೆಳಗೆ ಬರಹ: 'ಜಿಗಣಿ ಸುತ್ತಮುತ್ತ ನಾಯಿ ಗಾತ್ರದ ವಿಷಜೇಡ. ಮಕ್ಕಳಿರುವ ಮನೆಯವರು ಎಚ್ಚರ. ಎಲ್ಲರಿಗೂ ಕಳಿಸಿ.' ಕಳಿಸಿದವನು ಅಪ್ಪ.

ಫೋನು ಮಾಡಿದೆ. "ಅಪ್ಪಾ, ಏನಪ್ಪಾ ಕಳ್ಸಿದ್ದೀಯಾ? ಇದು ನಮ್ ಬಾಣಂತಿ ಅಲ್ವಾ?"

"ಯಾವ ಬಾಣಂತಿ?"

"ನೀನೇ ನೋಡಿದ್ದೆ ಕಣಪ್ಪಾ. ಕನ್ನಡಕ ಹಾಕ್ಕೊಂಡು. ಅಕ್ಕಿಕಾಳಷ್ಟು ಇದ್ಲು."

ಅಪ್ಪ ಹೇಳಿದ, "ಅದು ಬೇರೆ ಇರ್ಬೇಕು ಬಿಡೋ. ಇದು ದೊಡ್ಡದು."

ಫೋನಿಟ್ಟು ಆ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಸಾವಿರ ಕೈ ದಾಟಿ ಬಂದು ಸವೆದು ಹೋಗಿದೆ. ಕಣ್ಣಿನ ಸುತ್ತಲ ಕೂದಲಿಲ್ಲ. ಎಂಟು ಕಣ್ಣು ಎಲ್ಲಿದ್ದವೆಂದು ನನಗೇ ಗೊತ್ತಾಗಲಿಲ್ಲ, ಬೂದು ಬಣ್ಣದ ಚೌಕಗಳಷ್ಟೇ. ಬಲಗಣ್ಣಿನಲ್ಲಿದ್ದ ಬಿಳಿ ಅಂಗಿಯ ಚುಕ್ಕೆಯನ್ನು ತುಂಬ ಹೊತ್ತು ಹುಡುಕಿದೆ, ಅದೂ ಇಲ್ಲ. ಗಾತ್ರ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದೆ.